ಸೊಂಟ ನೋವು ಮತ್ತು ಒಂದು ಚೀಲ ಮಾತ್ರೆ

ನನಗೆ ಮೊದಲ ಸಲ ಸೊಂಟ ಹಿಡಿದಿದ್ದು 2021ರಲ್ಲಿ, ಗಣೇಶ ಹಬ್ಬ ಮುಗಿದ ವಾರ. ನಾವು ಸಾಕೋ ರೇಷ್ಮೆ ಹುಳು ಹಣ್ಣಾಗಿತ್ತು, ಅಂದರೆ ಗೂಡು ಕಟ್ಟೋ ಹೊತ್ತು. ಹುಳದ ಮನೆಯಿಂದ ಚಂದ್ರಿಕೆ, ಅದೇ ಹುಳು ಗೂಡು ಕಟ್ಟೋ ಬಿದಿರಿನ ತಟ್ಟೆ, ಎತ್ತಿ ಹೊರಗೆ ಒರಗಿಸೋಣ ಅಂತ ಬಗ್ಗಿದೆ, ಅಷ್ಟೇ. ಬಗ್ಗಿದವನು ಏಳಲಿಲ್ಲ. ಕೈಯಲ್ಲಿದ್ದ ಚಂದ್ರಿಕೆ ಬಿಡೋಕೂ ಆಗದೆ ಹಿಡಿಯೋಕೂ ಆಗದೆ ಹಾಗೇ ನಿಂತಿದ್ದೆ. ನಮ್ಮ ಮನೆಯವಳು ಬಂದು "ಏನ್ರೀ, ಏನಾಯ್ತು?" ಅಂದಾಗ ಉತ್ತರ ಕೊಡೋಕೂ ಉಸಿರು ಬರಲಿಲ್ಲ.

ನಮ್ಮದು ರಾಮನಗರದ ಹತ್ತಿರ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ, ವರ್ಷಕ್ಕೆ ಐದಾರು ಬೆಳೆ ಹುಳು ಮೇಯಿಸ್ತೀವಿ. ಚಾಕಿ ಹುಳು, ಅಂದರೆ ಮರಿ ಹುಳು, ತಂದ ಮೇಲೆ ಮೊದಲ ಕೆಲವು ದಿನ ಆರಾಮು. ಹುಳು ಪೊರೆ ಬಿಡೋಕೆ ಮೇವು ಬಿಟ್ಟು ಕೂರೋದಕ್ಕೆ ನಾವು ಜ್ವರ ಅಂತೀವಿ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು, ಆ ಒಂದು ವಾರದಲ್ಲಿ ಅವು ತಿನ್ನೋ ಸೊಪ್ಪು ಅದಕ್ಕೆ ಮುಂಚೆ ತಿಂದಿದ್ದೆಲ್ಲ ಸೇರಿಸಿದರೂ ಅದರ ನಾಲ್ಕೈದು ಪಟ್ಟು. ಬೆಳಗ್ಗೆ ಐದಕ್ಕೆ ರೆಂಬೆ ಕಡಿಯೋಕೆ ಬಗ್ಗಿದರೆ ರಾತ್ರಿ ಹತ್ತಕ್ಕೆ ಕೊನೇ ಸೊಪ್ಪು ಹಾಕೋವರೆಗೂ ಬಗ್ಗೋದೇ. ಹಾಗಾಗಿ ಸೊಂಟ ಹಿಡಿಯೋದು ನಮ್ಮೂರಲ್ಲಿ ಯಾರಿಗೂ ಹೊಸದಲ್ಲ. ಅಂದರೆ, ಎಲ್ಲರ ಹತ್ತಿರವೂ ಅದಕ್ಕೊಂದು ಮದ್ದಿದೆ ಅಂತ ಅರ್ಥ.

ಉಪ್ಪಿನ ಶಾಖ ಆಯ್ತು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ತಿಕ್ಕಿದ್ದಾಯ್ತು. ಹುಟ್ಟುವಾಗ ಕಾಲು ಮುಂದಾಗಿ ಬಂದವರ ಕೈಲಿ ಒದೆಸಿಕೊಂಡರೆ ಉಳುಕು ಬಿಡುತ್ತೆ ಅನ್ನೋ ನಂಬಿಕೆ ಇದೆಯಲ್ಲ, ಪಕ್ಕದ ಬೀದಿಯ ಅಜ್ಜಿ ಒಬ್ಬರು ಹಾಗೆ ಹುಟ್ಟಿದವರು. ಅವರ ಮನೆ ಜಗಲಿ ಮೇಲೆ ಬೋರಲು ಮಲಗಿ ಎಪ್ಪತ್ತು ವರ್ಷದ ಹೆಂಗಸಿನ ಹತ್ತಿರ ಮೂರು ಒದೆ ತಿಂದೆ. ಸುಳ್ಳು ಯಾಕೆ ಹೇಳಲಿ, ಎರಡು ದಿನದಲ್ಲಿ ಕಡಿಮೆ ಆಯ್ತು. ಒದೆಸಿಕೊಳ್ಳದಿದ್ದರೂ ಕಡಿಮೆ ಆಗ್ತಿತ್ತೇನೋ. ಹೀಗೆ ಹಿಡಿಯೋ ಸೊಂಟ ಬಹುಪಾಲು ಕೆಲವು ವಾರದಲ್ಲಿ ತಾನಾಗೇ ಬಿಡುತ್ತೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ಆಮೇಲೆ.

ನನ್ನದು ಬಿಟ್ಟು ಬಿಟ್ಟು ಬರೋಕೆ ಶುರುವಾಯ್ತು. ಪ್ರತಿ ಬೆಳೆಗೂ ಒಂದು ಸಲ. ಆಮೇಲೆ ಬೆಳೆ ಇಲ್ಲದಾಗಲೂ. 2023ರ ಹೊತ್ತಿಗೆ ದಿನಾ.

ಈ ಎರಡು ಮೂರು ವರ್ಷದಲ್ಲಿ ನಾನು ಮಾಡಿದ್ದನ್ನ ನೆನೆಸಿಕೊಂಡರೆ ಈಗ ನಗು ಬರುತ್ತೆ, ಸ್ವಲ್ಪ ಸಿಟ್ಟೂ ಬರುತ್ತೆ. ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್‌ನಲ್ಲಿ "ಅಣ್ಣ, ಸೊಂಟ ನೋವಿಗೆ" ಅಂದರೆ ಸಾಕು, ಒಂದು ಸ್ಟ್ರಿಪ್ ಮಾತ್ರೆ, ಜೊತೆಗೊಂದು ಗ್ಯಾಸ್ ಮಾತ್ರೆ. ಜಾಸ್ತಿ ಆದರೆ ಒಂದು ಕ್ಲಿನಿಕ್‌ಗೆ ಹೋಗಿ ಸೊಂಟದ ಕೆಳಗೆ ಸೂಜಿ ಚುಚ್ಚಿಸಿಕೊಳ್ಳೋದು. ಅಲ್ಲಿ ಕೂತುಕೊಳ್ಳೋಕೂ ಹೇಳ್ತಿರಲಿಲ್ಲ, ನಿಂತ ಹಾಗೇ ಬೆಲ್ಟ್ ಸಡಿಲಿಸಿ ತಿರುಗಿದರೆ ಕೆಲಸ ಮುಗೀತು. ಮಾರ್ಕೆಟ್‌ಗೆ ಗೂಡು ತಗೊಂಡು ಹೋಗೋ ದಿನ ಬೆಳಗ್ಗೆ ಒಂದು ಇಂಜೆಕ್ಷನ್ ಅಂತ ಲೆಕ್ಕವೇ ಆಗಿಹೋಗಿತ್ತು. ಇನ್ನೊಂದು ಕಡೆ ಹೆಸರಿಲ್ಲದ ಮಾತ್ರೆಗಳನ್ನ ಪೇಪರ್ ಪೊಟ್ಟಣದಲ್ಲಿ ಕಟ್ಟಿ ಕೊಡ್ತಿದ್ದರು, ಒಂದು ಹಳದಿ, ಒಂದು ಗುಲಾಬಿ, ಒಂದು ಚಿಕ್ಕ ಬಿಳಿ. ಅದನ್ನ ನುಂಗಿದರೆ ಎರಡು ದಿನ ಇಪ್ಪತ್ತೈದರ ಹುಡುಗ ಆದ ಹಾಗೆ.

ಬೆಂಗಳೂರಲ್ಲಿರೋ ನಮ್ಮ ಭಾವ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಂಆರ್‌ಐ ಮಾಡಿಸಿದೆವು. ರಿಪೋರ್ಟಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್ ಅಂತ ಇತ್ತು, ಅಂದರೆ ಸೊಂಟದ ಎರಡು ಮೂಳೆ ನಡುವಿನ ಮೆತ್ತೆ ಉಬ್ಬಿದೆ ಅಂತ. ಅಲ್ಲಿನ ಡಾಕ್ಟರು ಪರದೆ ಮೇಲೆ ಅದನ್ನ ತೋರಿಸಿ, ಇಲ್ಲಿ ನೋಡಿ ಡಿಸ್ಕ್ ಹೊರಗೆ ಬಂದಿದೆ, ಭಾರ ಎತ್ತಬೇಡಿ, ಬಗ್ಗಬೇಡಿ, ಬೆಲ್ಟ್ ಹಾಕಿಕೊಳ್ಳಿ, ಮುಂದೆ ಆಪರೇಷನ್ ಬೇಕಾಗಬಹುದು ಅಂದರು. ಭಾರ ಎತ್ತದೆ, ಬಗ್ಗದೆ ಹುಳು ಮೇಯಿಸೋದು ಹೇಗೆ ಅಂತ ಕೇಳೋಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು. ಅವತ್ತಿನಿಂದ ನಾನು ಸೊಂಟದಲ್ಲಿ ಗಾಜು ಇಟ್ಟುಕೊಂಡವನ ಹಾಗೆ ಓಡಾಡೋಕೆ ಶುರು ಮಾಡಿದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರೋದು ಬಿಟ್ಟೆ. ತಂಗಿ ಮಗುವನ್ನ ಎತ್ತಿಕೊಳ್ಳೋದು ಬಿಟ್ಟೆ. ಮಾತ್ರೆ ಮಾತ್ರ ಬಿಡಲಿಲ್ಲ.

2024ರ ನವೆಂಬರಲ್ಲಿ ಕಾಲು ಊದಿಕೊಂಡಿತು. ಬೆಳಗ್ಗೆ ಚಪ್ಪಲಿ ಸರಿಯಾಗಿ ಹಿಡೀತಿರಲಿಲ್ಲ. ನನಗೆ ಬಿಪಿ ಇದೆ, ಅದರ ಮಾತ್ರೆ ತಗೊಳ್ತಿದ್ದೆ, ಆದರೂ ಸಂಘದವರು ಮಾಡಿಸಿದ ಆರೋಗ್ಯ ತಪಾಸಣೆಯಲ್ಲಿ 160-100 ತೋರಿಸಿತು. ಅಲ್ಲಿದ್ದ ನರ್ಸಮ್ಮ "ಸುಮ್ನೆ ಬಿಡಬೇಡಿ, ನಿಮ್ಮ ಫ್ಯಾಮಿಲಿ ಡಾಕ್ಟರಿಗೆ ತೋರಿಸಿ" ಅಂದರು. ಫ್ಯಾಮಿಲಿ ಡಾಕ್ಟರು ಯಾರಿದ್ದಾರೆ ನಮಗೆ? ಯೋಚಿಸಿದೆ. ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ ನೋಡ್ತಿದ್ದ ಡಾಕ್ಟ್ರಮ್ಮ ಒಬ್ಬರಿದ್ದರು, ಎಂಬಿಬಿಎಸ್ ಮಾಡಿದವರು, ಇಪ್ಪತ್ತು ವರ್ಷದಿಂದ ಒಂದೇ ಜಾಗದಲ್ಲಿ ಎರಡು ಕೋಣೆಯ ಕ್ಲಿನಿಕ್. ಫೀಸು 150 ರೂಪಾಯಿ. ಸೊಂಟ ನೋವಿಗೆ ಅವರ ಹತ್ತಿರ ಹೋಗಬೇಕು ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅದು ಮೂಳೆ ಡಾಕ್ಟರ ಕೆಲಸ ಅಲ್ವಾ?

ಫೋನ್ ಮಾಡಿದಾಗ ಅವರು ಹೇಳಿದ್ದು ಒಂದೇ ಮಾತು. "ಮನೇಲಿರೋ ಮಾತ್ರೆ ಎಲ್ಲಾ ತನ್ನಿ. ಚೀಟಿ ಅಲ್ಲ, ಮಾತ್ರೆ."

ಬಟ್ಟೆ ಅಂಗಡಿ ಚೀಲದಲ್ಲಿ ತುಂಬಿಕೊಂಡು ಹೋದೆ. ಅವರು ಮೇಜಿನ ಮೇಲಿದ್ದ ಕ್ಯಾಲೆಂಡರ್, ಪೆನ್ನಿನ ಡಬ್ಬ ಎಲ್ಲ ಪಕ್ಕಕ್ಕೆ ಸರಿಸಿ ಚೀಲ ಸುರಿಯೋಕೆ ಹೇಳಿದರು. ಆಮೇಲೆ ಇಸ್ಪೀಟ್ ಎಲೆ ಜೋಡಿಸೋ ಹಾಗೆ ಸ್ಟ್ರಿಪ್‌ಗಳನ್ನ ಜೋಡಿಸುತ್ತಾ ಹೋದರು. ಹಿಂದಗಡೆ ಸಣ್ಣ ಅಕ್ಷರ ಇರುತ್ತಲ್ಲ, ಕನ್ನಡಕ ಹಣೆಗೆ ಏರಿಸಿ ಅದನ್ನ ಕಣ್ಣ ಹತ್ತಿರ ಹಿಡಿದು ಓದಿ, ಪೆನ್ನಲ್ಲಿ ಸುತ್ತು ಹಾಕಿದರು. ಮೂರು ಸ್ಟ್ರಿಪ್ ಒಂದು ಕಡೆ ಇಟ್ಟರು. ಒಂದು ನೀಲಿ, ಒಂದು ಬೆಳ್ಳಿ ಬಣ್ಣ, ಒಂದು ಕೆಂಪು ಗೆರೆಯದ್ದು.

"ಇವು ಮೂರೂ ಬೇರೆ ಬೇರೆ ಅಂದುಕೊಂಡಿದ್ರಾ?"

ಹೌದು ಅಂದೆ. ಒಂದು ದೊಡ್ಡಾಸ್ಪತ್ರೆಯವರು ಸೊಂಟಕ್ಕೆ ಅಂತ ಬರೆದಿದ್ದು, ಒಂದು ಮೆಡಿಕಲ್‌ನವರು ಮಂಡಿ ನೋವಿಗೆ ಅಂತ ಕೊಟ್ಟಿದ್ದು, ಇನ್ನೊಂದು ಭಾವ ತಂದುಕೊಟ್ಟಿದ್ದು. ಮೂರರಲ್ಲೂ ಇದ್ದದ್ದು ಅಸೆಕ್ಲೋಫಿನಾಕ್ 100 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325. ಹೆಸರು ಮೂರು, ಔಷಧ ಒಂದೇ. ದಿನಕ್ಕೆ ಎರಡಕ್ಕಿಂತ ಜಾಸ್ತಿ ತಗೊಳ್ಳಬಾರದಂತೆ. ನಾನು ಹುಳು ಹಣ್ಣಾಗೋ ವಾರದಲ್ಲಿ ನಾಲ್ಕು ತಗೊಳ್ತಿದ್ದೆ, ಅದರ ಮೇಲೆ ಇಂಜೆಕ್ಷನ್ ಬೇರೆ.

ಆಮೇಲೆ ನನ್ನ ಬಿಪಿ ಮಾತ್ರೆ ಎತ್ತಿಕೊಂಡರು. ಅದರಲ್ಲಿ ಎರಡು ಔಷಧ ಸೇರಿತ್ತು, ಟೆಲ್ಮಿಸಾರ್ಟನ್ ಒಂದು, ಉಚ್ಚೆ ಜಾಸ್ತಿ ಮಾಡಿಸೋದು ಇನ್ನೊಂದು. ಅದನ್ನ ನೋವಿನ ಮಾತ್ರೆ ಪಕ್ಕ ಇಟ್ಟು, "ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ" ಅಂದರು. ಬೇಸಿಗೇಲಿ ನೀರು ಕುಡಿಯದೆ ತೋಟದಲ್ಲಿ ದುಡಿಯೋರಿಗೆ ಇನ್ನೂ ಕೆಟ್ಟದ್ದಂತೆ. ನೋವಿನ ಮಾತ್ರೆಯೇ ಬಿಪಿ ಏರಿಸುತ್ತೆ, ಕಾಲಲ್ಲಿ ನೀರು ನಿಲ್ಲಿಸುತ್ತೆ ಅಂತಲೂ ಅವತ್ತೇ ಗೊತ್ತಾಗಿದ್ದು. ನಾನು ನೋವಿಗೆ ಮಾತ್ರೆ ತಗೊಂಡು, ಅದರಿಂದ ಏರಿದ ಬಿಪಿಗೆ ಇನ್ನೊಂದು ಮಾತ್ರೆ ತಗೊಂಡು, ಎರಡೂ ಸೇರಿ ಕಿಡ್ನಿ ಹಾಳು ಮಾಡಿಕೊಳ್ತಿದ್ದೆ. ಆದರೆ ಇದನ್ನ ಯಾರಾದರೂ ಹೇಳಬೇಕಿದ್ದರೆ ಅವರು ಎಲ್ಲ ಮಾತ್ರೆಯನ್ನೂ ಒಂದೇ ಮೇಜಿನ ಮೇಲೆ ನೋಡಿರಬೇಕಿತ್ತು. ಮೂಳೆಯವರು ಮೂಳೆ ನೋಡಿದರು, ಬಿಪಿಯವರು ಬಿಪಿ ನೋಡಿದರು.

ಪೇಪರ್ ಪೊಟ್ಟಣ ಬಿಚ್ಚಿ ನೋಡಿದಾಗ ಮಾತ್ರ ಅವರ ಮುಖ ಗಂಟಾಯ್ತು. "ಹೆಸರಿಲ್ಲದ ಮಾತ್ರೆ ಯಾವುದು ಅಂತ ನಾನು ಹೇಳೋಕಾಗಲ್ಲ. ಇದನ್ನ ತಗೊಂಡಾಗ ಹಸಿವು ಜಾಸ್ತಿ ಆಗ್ತಿತ್ತಾ? ಮುಖ ಊದ್ತಿತ್ತಾ?" ಆಗ್ತಿತ್ತು. ಸ್ಟೀರಾಯ್ಡ್ ಇರಬಹುದು ಅಂದರು. ಎಷ್ಟು ದಿನ ತಗೊಂಡಿದ್ದೆ, ಕೊನೇದು ಯಾವಾಗ ಅಂತ ಎರಡೆರಡು ಸಲ ಕೇಳಿ ಬರೆದುಕೊಂಡರು. ತಿಂಗಳುಗಟ್ಟಲೆ ದಿನಾ ತಗೊಂಡಿದ್ದವರು ಒಂದೇ ಸಲ ನಿಲ್ಲಿಸಿದರೂ ಅಪಾಯವಂತೆ. ನನ್ನ ಪುಣ್ಯಕ್ಕೆ ನಾನು ಆಗೀಗ ಎರಡೆರಡು ದಿನ ಮಾತ್ರ ತಗೊಂಡಿದ್ದೆ.

ಇಷ್ಟೆಲ್ಲ ಆದ ಮೇಲೆ ಪ್ರಶ್ನೆಗಳು. ಉಚ್ಚೆ ಹಿಡಿತ ತಪ್ಪಿದ್ಯಾ? ಕೂರೋ ಜಾಗ, ತೊಡೆ ಸಂದಿಯಲ್ಲಿ ಜೋಮು ಹಿಡಿದ ಹಾಗೆ ಆಗುತ್ತಾ? ಕಾಲಲ್ಲಿ ಶಕ್ತಿ ಕಮ್ಮಿ ಆಗಿದ್ಯಾ? ಸಂಜೆ ಜ್ವರ, ಊಟ ಸೇರದೆ ಇರೋದು, ತೂಕ ಇಳಿಯೋದು? ಮನೇಲಿ ಯಾರಿಗಾದರೂ ಟಿಬಿ ಇತ್ತಾ? ಬೆನ್ನು ಮೂಳೆಗೂ ಟಿಬಿ ಬರುತ್ತಂತೆ, ನನಗೆ ಗೊತ್ತೇ ಇರಲಿಲ್ಲ. ಮಲ ಕಪ್ಪಗೆ ಹೋಗುತ್ತಾ ಅಂತಲೂ ಕೇಳಿದರು, ಅದು ಮಾತ್ರೆಯಿಂದ ಹೊಟ್ಟೆ ಒಳಗೆ ರಕ್ತ ಸೋರ್ತಿದ್ಯಾ ಅಂತ ತಿಳಿಯೋಕೆ. ಆಮೇಲೆ ಅಂಗಿ ಬಿಚ್ಚಿಸಿ ಬೆನ್ನು ಮೂಳೆಯನ್ನ ಮೇಲಿಂದ ಕೆಳಗೆ ಕುಟ್ಟಿ ನೋಡಿದರು. ಹಿಮ್ಮಡಿ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು, ಅಂಗಾತ ಮಲಗಿಸಿ ಒಂದೊಂದೇ ಕಾಲು ಮೇಲೆತ್ತಿದರು. ಮೂರು ವರ್ಷದಲ್ಲಿ ನನ್ನ ಬೆನ್ನನ್ನ ಕೈಯಲ್ಲಿ ಮುಟ್ಟಿ ನೋಡಿದ ಮೊದಲ ಡಾಕ್ಟರು ಅವರೇ. ಒದ್ದ ಅಜ್ಜಿಯನ್ನ ಲೆಕ್ಕಕ್ಕೆ ತಗೊಂಡಿಲ್ಲ.

ಎಂಆರ್‌ಐ ರಿಪೋರ್ಟ್ ಕೊನೆಗೆ ನೋಡಿದರು. ಓದಿ ಮಡಿಸಿ ಕವರಿಗೆ ಹಾಕಿಬಿಟ್ಟರು. ನನಗೆ ಒಂಥರಾ ಅವಮಾನವೇ ಆಯ್ತು, ಸಾವಿರಾರು ರೂಪಾಯಿಯ ರಿಪೋರ್ಟು! ಅವರು ಹೇಳಿದ್ದು ಹೀಗೆ. ಸೊಂಟ ನೋವೇ ಇಲ್ಲದ ಐವತ್ತು ವರ್ಷದ ನೂರು ಜನರನ್ನ ಆ ಮೆಷಿನ್ ಒಳಗೆ ಮಲಗಿಸಿದರೆ ಸುಮಾರು ಅರವತ್ತು ಜನರಲ್ಲಿ ಡಿಸ್ಕ್ ಬಲ್ಜ್ ಕಾಣುತ್ತೆ. ತಲೆಕೂದಲು ನೆರೆಯೋ ಹಾಗೆ ಅದು. ನಿಮ್ಮ ಡಿಸ್ಕ್ ಬಲ್ಜ್ ಆಗಿರೋದು ನಿಜ, ಆದರೆ ನೋವು ಅದರಿಂದಲೇ ಅಂತ ಆಣೆ ಇಟ್ಟು ಹೇಳೋಕಾಗಲ್ಲ, ಕಾಲಿಗೆ ಇಳಿಯೋ ನರದ ಲಕ್ಷಣವೂ ಇಲ್ಲ. ಇದಕ್ಕೆ ಆಪರೇಷನ್ ಮಾತೇ ಬೇಡ.

"ಮತ್ತೆ ನೋವು ಯಾಕೆ ಮೇಡಂ? ನಾನೇನು ಸುಳ್ಳು ಹೇಳ್ತಿದೀನಾ?"

"ತೋಟಕ್ಕೆ ನಾಯಿ ಕಟ್ಟಿದ್ದೀರಾ?" ಅಂತ ಕೇಳಿದರು. ಹೌದು, ಇದೆ. "ಒಂದು ಸಲ ಕಳ್ಳ ನುಗ್ಗಿದ ಅಂತ ಇಟ್ಟುಕೊಳ್ಳಿ. ನಾಯಿ ಬೊಗಳಿತು, ಸರಿ. ಆಮೇಲೆ ಗಾಳಿಗೆ ಸೊಪ್ಪು ಅಲ್ಲಾಡಿದ್ರೂ ಬೊಗಳುತ್ತೆ, ನೀವೇ ಬಂದ್ರೂ ಬೊಗಳುತ್ತೆ. ಬೊಗಳೋದು ಸುಳ್ಳಲ್ಲ, ನಿಮ್ಮ ನಿದ್ದೆ ಕೆಡೋದೂ ಸುಳ್ಳಲ್ಲ. ಆದ್ರೆ ಕಳ್ಳ ಇಲ್ಲ." ಮೂರು ತಿಂಗಳು ದಾಟಿದ ನೋವು ಎಷ್ಟೋ ಸಲ ಹೀಗಾಗುತ್ತಂತೆ. ಪೆಟ್ಟು ವಾಸಿಯಾಗಿರುತ್ತೆ, ನರಗಳು ಮಾತ್ರ ಇನ್ನೂ ಕಾವಲು ಕಾಯ್ತಾ ಇರುತ್ತವೆ.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ಅಳತೆ, 1.7 ಬಂತು. 1.3ರ ಒಳಗಿರಬೇಕಿತ್ತು. ಅವತ್ತೇ ನೋವಿನ ಮಾತ್ರೆ ಪೂರ್ತಿ ಬಂದ್, ಬಿಪಿ ಮಾತ್ರೆ ಬದಲಿಸಿದರು. ಡಾಕ್ಟ್ರಮ್ಮ ಆಗ ಕೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ನಿಮ್ಮ ಚಿಕ್ಕವಯಸ್ಸಲ್ಲಿ ಬೆಟ್ಟದ ಹತ್ರ ರಣಹದ್ದು ಎಷ್ಟಿದ್ವು ಜ್ಞಾಪಕ ಇದ್ಯಾ?" ಇಲ್ಲದೆ ಏನು, ಊರಾಚೆ ಸತ್ತ ದನ ಎಳೆದು ಹಾಕಿದರೆ ನಾವು ಹುಡುಗರು ದೂರದಲ್ಲಿ ಕೂತು ಅವು ಇಳಿಯೋದನ್ನ ಎಣಿಸ್ತಿದ್ದೆವು. ರಾಮದೇವರ ಬೆಟ್ಟವನ್ನ 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಿಸಿದರು, ಆದರೆ ಅಷ್ಟರಲ್ಲಿ ಎಣಿಸೋಕೆ ಎರಡು ಕೈ ಬೆರಳು ಬೇಕಾಗದ ಸ್ಥಿತಿ. ಅವು ಹೋಗಿದ್ದು ಡೈಕ್ಲೋಫಿನಾಕ್‌ನಿಂದ. ದನಕ್ಕೆ ನೋವು ಅಂತ ಚುಚ್ಚಿದ ಔಷಧ, ಆ ದನ ಸತ್ತ ಮೇಲೆ ತಿಂದ ಹದ್ದಿನ ಕಿಡ್ನಿ ಹೊಡೆಯಿತು. 2006ರಲ್ಲಿ ದನಗಳ ಬಳಕೆಗೆ ಅದನ್ನ ನಿಷೇಧಿಸಿದರು. ಮನುಷ್ಯರಿಗೆ ಅಂತ ಬರ್ತಿದ್ದ ದೊಡ್ಡ ಬಾಟಲಿಯನ್ನೇ ಜನ ದನಕ್ಕೆ ಚುಚ್ಚೋಕೆ ಹೋದರು ಅಂತ 2015ರಲ್ಲಿ ಅದನ್ನೂ ನಿಲ್ಲಿಸಿ, 3 ಎಂಎಲ್‌ನ ಒಂದು ಸಲದ ಬಾಟಲಿ ಮಾತ್ರ ಮಾಡಿದರು. ನನಗೆ ಮಾರ್ಕೆಟ್ ದಿನ ಚುಚ್ತಿದ್ದದ್ದು ಆ 3 ಎಂಎಲ್‌ನದ್ದೇ.

ನನ್ನ ಮುಖ ನೋಡಿ ನಕ್ಕರು. "ನೀವೇನು ಹದ್ದಲ್ಲ, ಅಷ್ಟು ಬೇಗ ಏನೂ ಆಗಲ್ಲ. ಔಷಧ ಕೆಟ್ಟದ್ದೂ ಅಲ್ಲ, ಐದು ದಿನಕ್ಕೆ ಒಳ್ಳೇದು. ನೀವು ಮೂರು ವರ್ಷ ತಗೊಂಡಿದ್ದೀರಿ."

ಆಮೇಲೆ ಶುರುವಾಯ್ತು ನಿಜವಾದ ಕಷ್ಟ. ಮಾತ್ರೆ ಬಿಟ್ಟ ಮೊದಲ ಎರಡು ವಾರ ನರಕ. ನೋವು ತೀರಾ ಜಾಸ್ತಿ ಆದರೆ ಪ್ಯಾರಾಸಿಟಮಾಲ್ 650, ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ. ಮೇಲೆ ಶಾಖ. ರಾತ್ರಿ ಅಮಿಟ್ರಿಪ್ಟಿಲಿನ್ ಅಂತ 10 ಮಿಲಿಗ್ರಾಂನ ಒಂದು ಚಿಕ್ಕ ಮಾತ್ರೆ. ಇದು ಎಲ್ಲರಿಗೂ ಕೆಲಸ ಮಾಡಲ್ಲ, ನಿಮಗೆ ನಿದ್ದೆಯಾದರೂ ಬರಲಿ ಅಂತ ಕೊಡ್ತಿದೀನಿ ಅಂತ ಮುಂಚೆಯೇ ಹೇಳಿದ್ದರು. ಮೆಡಿಕಲ್ ಹುಡುಗ ಚೀಟಿ ನೋಡಿ, "ಅಣ್ಣ, ಇದು ತಲೆ ಸರಿ ಇಲ್ಲದವರಿಗೆ ಕೊಡೋದು, ನಿಮಗ್ಯಾಕೆ ಬರೆದರು?" ಅಂದುಬಿಟ್ಟ. ಅವನು ಹೇಳಿದ್ದು ನಾಲ್ಕು ಜನರ ಮುಂದೆ. ನಾಚಿಕೆಯಾಗಿ ಮನೆಗೆ ತಂದು ಒಂದು ವಾರ ಮುಟ್ಟಲಿಲ್ಲ. ಡಾಕ್ಟ್ರಮ್ಮನಿಗೆ ಹೇಳಿದಾಗ ಬೈಯಲಿಲ್ಲ. ಖಿನ್ನತೆಗೆ ಕೊಡೋ ಪ್ರಮಾಣ ಇದರ ಹತ್ತು ಪಟ್ಟು ಇರಬಹುದು, ಇಷ್ಟು ಕಮ್ಮಿಯಲ್ಲಿ ನರದ ಗದ್ದಲ ಸ್ವಲ್ಪ ಇಳಿಯಬಹುದು, ಅಷ್ಟೇ ಅಂದರು. ಆಮೇಲೆ ಆರು ವಾರ ತಗೊಂಡೆ. ಬಾಯಿ ಒಣಗ್ತಿತ್ತು, ಬೆಳಗ್ಗೆ ಮಂಪರು. ನಿದ್ದೆ ಮಾತ್ರ ಬಂತು. ಆಮೇಲೆ ಅವರೇ ನಿಲ್ಲಿಸಿದರು.

ಇದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ನೋಟ್‌ಬುಕ್. ಗೂಡಿನ ಲಾಟ್ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಾ ಮೂರು ಸಾಲು: ಏನು ಕೆಲಸ, ಎಷ್ಟು ಹೊತ್ತು, ರಾತ್ರಿ ನಿದ್ದೆ. ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕು ಅಂತ ಅವರು ಜಾಸ್ತಿ ಕೇಳ್ತಿರಲಿಲ್ಲ. "ನೋವಿನಿಂದ ಏನೇನು ಬಿಟ್ಟಿದೀರಿ, ಅದರಲ್ಲಿ ಯಾವುದು ವಾಪಸ್ ಬಂತು?" ಅದೇ ಪ್ರಶ್ನೆ ಪ್ರತಿ ಸಲ. ಒಂದು ತಿಂಗಳು ಬರೆದ ಮೇಲೆ ಹಾಳೆ ತಿರುಗಿಸಿ ನೋಡಿದರೆ ನನಗೇ ಆಶ್ಚರ್ಯ. ನೋವು ಜಾಸ್ತಿ ಆಗ್ತಿದ್ದದ್ದು ಸೊಪ್ಪು ಕಡಿದ ದಿನ ಅಲ್ಲ, ಅದರ ಮಾರನೇ ದಿನ, ಅದರಾಚೆ ದಿನ. ಇನ್ನೊಂದು, ಗೂಡಿನ ರೇಟು ಬಿದ್ದ ದಿನ. ಒಂದು ಲಾಟು ಅಂದುಕೊಂಡಿದ್ದಕ್ಕಿಂತ ಕಿಲೋಗೆ ನೂರು ರೂಪಾಯಿ ಕಮ್ಮಿಗೆ ಹೋಯ್ತು, ಅವತ್ತು ನಾನು ಏನೂ ಎತ್ತಿರಲಿಲ್ಲ, ಬೆಂಚಿನ ಮೇಲೆ ಕೂತಿದ್ದೆ ಅಷ್ಟೇ. ರಾತ್ರಿ ಹೊರಳೋಕೆ ಆಗಲಿಲ್ಲ.

"ಒಳ್ಳೇ ದಿನ ಜಾಸ್ತಿ ಮಾಡೋದೇ ನಿಮ್ಮ ಕಾಯಿಲೆ" ಅಂದರು ಡಾಕ್ಟ್ರಮ್ಮ. ನಿಜ. ನೋವಿಲ್ಲದ ದಿನ ಮೂರು ದಿನದ ಕೆಲಸ ಮಾಡ್ತಿದ್ದೆ, ಆಮೇಲೆ ಮೂರು ದಿನ ಮಲಗ್ತಿದ್ದೆ. ಈಗ ಗಡಿಯಾರ ನೋಡಿ ಕೆಲಸ. ಇಪ್ಪತ್ತು ನಿಮಿಷ ಬಗ್ಗೋ ಕೆಲಸ, ಆಮೇಲೆ ಐದು ನಿಮಿಷ ನಿಂತು ಮಾಡೋದು ಏನಾದರೂ. ನೋವಿರಲಿ ಬಿಡಲಿ, ಅಷ್ಟೇ. ನಡಿಗೆ ಹತ್ತು ನಿಮಿಷದಿಂದ ಶುರು, ಮೂರು ದಿನಕ್ಕೊಮ್ಮೆ ಎರಡು ನಿಮಿಷ ಏರಿಸೋದು. ದಿನವಿಡೀ ತೋಟದಲ್ಲಿ ಓಡಾಡೋನು ಮತ್ತೆ ವಾಕಿಂಗ್ ಬೇರೆ ಹೋಗ್ತಾನೆ ಅಂತ ಊರಲ್ಲಿ ಆಡಿಕೊಂಡರು. ಫಿಸಿಯೋ ಹುಡುಗಿ ಹೇಳಿಕೊಟ್ಟ ನಾಲ್ಕು ವ್ಯಾಯಾಮ, ಅದರಲ್ಲಿ ಎರಡು ಮಾಡ್ತೀನಿ, ಉಳಿದೆರಡು ಬೇಜಾರು. ಬೆಲ್ಟ್ ಬಿಟ್ಟೆ. ಅದು ಈಗ ಹುಳದ ಮನೆಯಲ್ಲಿ ಸೊಪ್ಪಿನ ಹೊರೆ ಕಟ್ಟೋಕೆ ಇದೆ, ತುಂಬಾ ಗಟ್ಟಿ.

ಹುಳದ ಲೆಕ್ಕಕ್ಕೇ ಅವರು ನನ್ನ ಸೊಂಟದ ಲೆಕ್ಕ ಕೂಡಿಸಿದ್ದು ನನಗೆ ತುಂಬಾ ಹಿಡಿಸಿತು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ತಿನ್ನಲ್ಲ, ಹೆಚ್ಚು ಕಮ್ಮಿ ಒಂದು ದಿನ ನಮಗೂ ಬಿಡುವು. ಮೊದಲು ಆ ದಿನ ಬೇರೆ ಬಾಕಿ ಕೆಲಸವನ್ನೆಲ್ಲ ತಲೆ ಮೇಲೆ ಹಾಕಿಕೊಳ್ತಿದ್ದೆ. ಈಗ ಅವತ್ತು ನಡಿಗೆ, ವ್ಯಾಯಾಮ, ಮಧ್ಯಾಹ್ನ ನಿದ್ದೆ. ಕೊನೇ ವಾರಕ್ಕೆ ಸೊಪ್ಪು ಕಡಿಯೋಕೆ ಇಬ್ಬರು ಆಳು. ಕೂಲಿ ಖರ್ಚು ಜಾಸ್ತಿ ಆಯ್ತು, ನಿಜ. ಇಂಜೆಕ್ಷನ್, ಮಾತ್ರೆ, ಬೆಂಗಳೂರಿನ ಓಡಾಟ ಎಲ್ಲ ಕೂಡಿಸಿ ನಮ್ಮ ಮನೆಯವಳು ಒಂದು ದಿನ ಲೆಕ್ಕ ಹಾಕಿದಳು, ಆಮೇಲೆ ನಾನು ಕೂಲಿ ಬಗ್ಗೆ ಮಾತಾಡಲಿಲ್ಲ.

ಆರು ವಾರಕ್ಕೆ ಕ್ರಿಯಾಟಿನಿನ್ 1.4ಕ್ಕೆ ಇಳಿಯಿತು, ಆಮೇಲೆ 1.2. ಬಿಪಿ 134-84. ಕಾಲು ಊದೋದು ನಿಂತಿತು. ನೋವು ಹೋಗಿಲ್ಲ. ಇದನ್ನ ಓದಿ ಪೂರ್ತಿ ವಾಸಿಯಾಯ್ತು ಅಂದುಕೊಂಡರೆ ತಪ್ಪು. ತಿಂಗಳಲ್ಲಿ ನಾಲ್ಕೈದು ದಿನ ಕೆಟ್ಟದಾಗಿರುತ್ತೆ. ಆದರೆ ಹೋದ ಯುಗಾದಿಗೆ ತಂಗಿ ಮಗನನ್ನ ಎತ್ತಿಕೊಂಡೆ, ನೆಲದ ಮೇಲೆ ಕೂತು ಒಬ್ಬಟ್ಟು ತಿಂದೆ. ಏಳುವಾಗ ಗೋಡೆ ಹಿಡಿದೆ.

ಒಂದು ತಪ್ಪೂ ಮಾಡಿದೆ. ಏಪ್ರಿಲ್ ಕೊನೆಯಲ್ಲಿ ಹುಳು ಹಣ್ಣಾಗೋ ಹೊತ್ತಿಗೆ ಇಬ್ಬರು ಆಳೂ ಕೈಕೊಟ್ಟರು. ಎರಡು ದಿನ ನಾವಿಬ್ಬರೇ. ಮೂರನೇ ದಿನ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಹಳೇ ಮಾತ್ರೆ ತಂದು ನುಂಗಿದೆ. ಮನೇಲಿ ಯಾರಿಗೂ ಹೇಳಲಿಲ್ಲ. ಮುಂದಿನ ಸಲ ಕ್ಲಿನಿಕ್‌ನಲ್ಲಿ ಕೂತಾಗ ಬಾಯಿಗೆ ಬಂತು, ಹೇಳಿಬಿಟ್ಟೆ.

"ಎಷ್ಟು?"

"ಮೂರು ಮೇಡಂ."

"ಒಂದೇ ದಿನ ಮೂರಾ?"

"ಇಲ್ಲ, ಮೂರು ದಿನ, ದಿನಕ್ಕೊಂದು."

ಚೀಟಿಯಲ್ಲಿ ಬರೆದುಕೊಂಡರು, ರಕ್ತ ಪರೀಕ್ಷೆಗೂ ಬರೆದರು. ಆಮೇಲೆ ಕ್ಯಾಲೆಂಡರ್ ಹತ್ತಿರ ಎಳೆದುಕೊಂಡು, "ಮುಂದಿನ ಬೆಳೆ ಚಾಕಿ ಯಾವತ್ತು ತರ್ತೀರಿ?" ಅಂತ ಕೇಳಿದರು. ಹೇಳಿದೆ. ಬೆರಳಲ್ಲಿ ದಿನ ಎಣಿಸಿ, ನಾಲ್ಕನೇ ಜ್ವರಕ್ಕೆ ಕೂರೋ ದಿನದ ಮೇಲೆ ಪೆನ್ನಲ್ಲಿ ಸುತ್ತು ಹಾಕಿದರು.

"ಅವತ್ತು ಬನ್ನಿ. ಬಿಡುವಿರುತ್ತಲ್ಲ."